ವಿಪತ್ತು ನಿರ್ವಹಣೆಯ ಯೋಜನೆಯಲ್ಲಿ ಅಡುಗೆಯವರಿಗೂ ಜಾಗ ಕೊಡಿ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಬೆಂಗಳೂರು.

ವಿಷಯ: ನೆರೆ ಸಂತ್ರಸ್ತರು ಆಶ್ರಯ ಪಡೆಯುವ ಕಾಳಜಿ ಕೇಂದ್ರಗಳ ಊಟದ ವ್ಯವಸ್ಥೆ ಹಾಗೂ ಅದರಲ್ಲಿ ಸ್ಥಳೀಯ ಅಡುಗೆಯವರ ಪಾತ್ರದ ಕುರಿತು.

ಮಾನ್ಯರೆ,

ನಾನು ಕಲಬುರಗಿಯಲ್ಲಿ ಮದುವೆ, ಜಾತ್ರೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸುವ ಗುತ್ತಿಗೆದಾರ. 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ಸೀನಾ ನದಿಯಿಂದಲೂ ಹರಿದುಬಂದ ನೀರಿಗೆ ಭೀಮೆ ಉಕ್ಕಿ, ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ, ನಮ್ಮ ತಂಡದ ಅಡುಗೆಯವರನ್ನೂ ಪಾತ್ರೆಗಳನ್ನೂ ಕರೆದೊಯ್ದು ಒಂದು ಕಾಳಜಿ ಕೇಂದ್ರದಲ್ಲಿ ಅದು ಮುಚ್ಚುವವರೆಗೂ ಅಡುಗೆ ಮಾಡಿದೆ. ಅಲ್ಲಿ ಕಂಡದ್ದನ್ನು ತಮ್ಮ ಗಮನಕ್ಕೆ ತಂದು, ಮುಂದಿನ ಮುಂಗಾರಿಗೆ ಮುನ್ನ ಆಗಬೇಕಾದ ಕೆಲಸಗಳನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಕೇಂದ್ರವಿದ್ದ ಊರು ಮತ್ತು ತಾಲ್ಲೂಕಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಿದ್ದೆಯಿಲ್ಲದೆ ದುಡಿದ ಕೆಳಹಂತದ ನೌಕರರ ಮೇಲೆ ದೂರು ಹೊರಿಸುವ ಇಚ್ಛೆ ನನಗಿಲ್ಲ. ಅವರಿಗೆ ಸರಿಯಾದ ಆದೇಶವೊಂದು ಕೈಯಲ್ಲಿದ್ದಿದ್ದರೆ ನಾನು ಹೇಳಲಿರುವ ಬಹುಪಾಲು ತೊಂದರೆಗಳು ಆಗುತ್ತಲೇ ಇರಲಿಲ್ಲ.

ನಾವು ಹೋಗುವ ಮೊದಲು ಆ ಕೇಂದ್ರಕ್ಕೆ ಊಟ ಬರುತ್ತಿದ್ದುದು ದೂರದ ಪಟ್ಟಣದಿಂದ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಮತ್ತು ರಾತ್ರಿ ಚಿತ್ರಾನ್ನ ಇಲ್ಲವೇ ಪಲಾವ್, ಎಲ್ಲವೂ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ. ಅಡುಗೆ ಮಾಡುವ ಯಾರಿಗಾದರೂ ಗೊತ್ತಿರುವ ಸಂಗತಿಯೆಂದರೆ, ಹಬೆಯಾಡುವ ಅನ್ನವನ್ನು ಹಾಗೆಯೇ ಪ್ಲಾಸ್ಟಿಕ್ಕಿಗೆ ತುಂಬಿ ಬಾಯಿ ಕಟ್ಟಿದರೆ ಅದು ಒಳಗೇ ಬೆವೆತು ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಸೇತುವೆಗಳ ಮೇಲೆ ನೀರು ಹರಿಯುತ್ತಿದ್ದುದರಿಂದ ವಾಹನಗಳು ಸುತ್ತು ಹಾಕಿ ಬರಬೇಕಿತ್ತು. ಬೆಳಿಗ್ಗೆ ಕಟ್ಟಿದ ಪೊಟ್ಟಣ ಮಧ್ಯಾಹ್ನದ ಹೊತ್ತಿಗೆ ತಲುಪುತ್ತಿತ್ತು. ನಾನು ಕೈಗೆತ್ತಿಕೊಂಡ ಮೊದಲ ಪೊಟ್ಟಣದ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿದ್ದವು, ಅನ್ನ ನೂಲು ನೂಲಾಗಿ ಬೆರಳಿಗೆ ಅಂಟಿತು, ಹುಳಿ ವಾಸನೆ ಬಿಚ್ಚುವ ಮೊದಲೇ ಮೂಗಿಗೆ ಬಡಿಯಿತು. ಹಸಿದವರು ಅದನ್ನೂ ತಿಂದರು. ತಿನ್ನಲಾಗದವರು ಕಾಂಪೌಂಡಿನ ಮೂಲೆಗೆ ಎಸೆದರು. ಮಕ್ಕಳಿಗೆ ಹೊಟ್ಟೆ ಕೆಟ್ಟಾಗ ಬಂದ ವೈದ್ಯಕೀಯ ಸಿಬ್ಬಂದಿ ನೀರು ಕುದಿಸಿ ಕುಡಿಯಿರಿ ಎಂದು ಹೇಳಿಹೋದರು, ಆದರೆ ಕುದಿಸಲು ಅಲ್ಲಿ ಒಲೆಯೇ ಇರಲಿಲ್ಲ.

ಇದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು ಸಂಗತಿಗೆ. ಆ ಕೇಂದ್ರ ನಡೆಯುತ್ತಿದ್ದುದು ಸರ್ಕಾರಿ ಶಾಲೆಯಲ್ಲಿ. ಶಾಲೆಯ ಹಿಂಬದಿಯಲ್ಲಿ ಬಿಸಿಯೂಟದ ಅಡುಗೆಕೋಣೆ ಇತ್ತು, ಅದಕ್ಕೆ ಬೀಗ ಹಾಕಿತ್ತು. ದಸರಾ ರಜೆಯಾದ್ದರಿಂದ ಬೀಗದ ಕೈ ಊರಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಅಕ್ಕಿಯ ಮೂಟೆಗಳು, ಬೇಳೆಯ ಚೀಲ, ಎರಡು ಸಿಲಿಂಡರ್, ದೊಡ್ಡ ಒಲೆ, ತೊಳೆದು ಬೋರಲು ಹಾಕಿದ ಡಬರಿಗಳು ಕಾಣುತ್ತಿದ್ದವು. ಅದೇ ಶಾಲೆಯಲ್ಲಿ ದಿನವೂ ನೂರಾರು ಮಕ್ಕಳಿಗೆ ಅಡುಗೆ ಮಾಡುವ ಇಬ್ಬರು ಹೆಣ್ಣುಮಕ್ಕಳು ತಮ್ಮ ಮನೆಯಲ್ಲಿ ನೀರು ನಿಂತ ಕಾರಣ ಅದೇ ಕೇಂದ್ರದಲ್ಲಿ ಚಾಪೆಯ ಮೇಲೆ ಕೂತು, ಪಟ್ಟಣದಿಂದ ಬರುವ ಪೊಟ್ಟಣಕ್ಕೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಕೋಣೆ ತೆರೆಸೋಣ ಎಂದು ಕೇಳಿದಾಗ ಬಂದ ಉತ್ತರವೆಂದರೆ, ಅಲ್ಲಿರುವ ದಾಸ್ತಾನು ಶಿಕ್ಷಣ ಇಲಾಖೆಯದು, ಕಾಳಜಿ ಕೇಂದ್ರ ಕಂದಾಯ ಇಲಾಖೆಯದು, ಒಂದರ ಅಕ್ಕಿಯನ್ನು ಇನ್ನೊಂದರಲ್ಲಿ ಬೇಯಿಸಿದರೆ ಲೆಕ್ಕಪರಿಶೋಧನೆಯಲ್ಲಿ ಯಾರು ಉತ್ತರ ಕೊಡಬೇಕು ಎಂಬುದು. ಕೇಳಿದ ನೌಕರನ ಭಯ ಸುಳ್ಳಲ್ಲ. ಹತ್ತು ಕಿಲೋ ಅಕ್ಕಿಯ ವ್ಯತ್ಯಾಸಕ್ಕೆ ನೋಟಿಸ್ ಬಂದ ಉದಾಹರಣೆ ಅವರ ನೆನಪಿನಲ್ಲಿತ್ತು. ಕೊನೆಗೆ ಮೇಲಿನವರೊಬ್ಬರು ಫೋನಿನಲ್ಲಿ ಬಾಯಿಮಾತಿನ ಒಪ್ಪಿಗೆ ಕೊಟ್ಟರು, ಬೀಗ ತೆಗೆಯಲಾಯಿತು, ಮತ್ತು ಅಂದು ರಾತ್ರಿಯೇ ಆ ಶಾಲೆಯಲ್ಲಿ ಬಿಸಿ ಅನ್ನ, ಬೇಳೆ ಸಾರು ಬಡಿಸಿದೆವು.

ಒಲೆ ಹತ್ತಿದ ಮೇಲೆ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಬೇಕು. ಊಟ ಬಡಿಸುತ್ತಿದ್ದಾಗ ಒಬ್ಬ ಅಜ್ಜಿ ತಟ್ಟೆಯನ್ನು ಬದಿಗಿಟ್ಟು, "ಯಪ್ಪಾ, ಒಂದ್ ರೊಟ್ಟಿ ಅದ ಏನು?" ಎಂದು ಕೇಳಿದರು. ನಮ್ಮ ಭಾಗದಲ್ಲಿ ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದು ಬದುಕಿದವರಿಗೆ ಮೂರು ಹೊತ್ತೂ ಅನ್ನ ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ, ಸಕ್ಕರೆ ಕಾಯಿಲೆಯವರಿಗಂತೂ ಅದು ಅಪಾಯ. ಮರುದಿನ ಪಕ್ಕದ ಊರಿನ ಗಿರಣಿಯಿಂದ ಹೊಸದಾಗಿ ಬೀಸಿದ ಜೋಳದ ಹಿಟ್ಟು ತರಿಸಿದೆವು, ಏಕೆಂದರೆ ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಒಡೆಯುತ್ತದೆ. ಎಸರು ಕಾಯಿಸಿ ಹಿಟ್ಟು ನಾದುವಷ್ಟರಲ್ಲಿ, ಯಾರೂ ಕರೆಯದೆಯೇ ಕೇಂದ್ರದಲ್ಲಿದ್ದ ಹೆಣ್ಣುಮಕ್ಕಳು ಸೆರಗು ಕಟ್ಟಿ ಬಂದು ಕೂತರು. ನಾಲ್ಕು ಹಂಚು ಸಾಲದೆ ಆರು ಹಂಚು ಏರಿಸಬೇಕಾಯಿತು. ಅದುವರೆಗೆ ಮನೆ, ದನ, ತೊಗರಿ ಹೊಲ ಎಂದು ಗೋಡೆಗೆ ಒರಗಿ ಮಾತಿಲ್ಲದೆ ಕೂತಿದ್ದವರು ರೊಟ್ಟಿಯ ಸದ್ದಿನ ನಡುವೆ ಒಬ್ಬರಿಗೊಬ್ಬರು ಕಷ್ಟ ಹೇಳಿಕೊಳ್ಳತೊಡಗಿದರು. ಯಾರ ಮಗುವಿಗೆ ಹಾಲು ಸಿಕ್ಕಿಲ್ಲ, ಯಾವ ಬಾಣಂತಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಯಾವ ಮುದುಕರಿಗೆ ಹಲ್ಲಿಲ್ಲದ್ದರಿಂದ ನುಚ್ಚು ಬೇಕು ಎಂಬುದೆಲ್ಲ ನಮಗೆ ಗೊತ್ತಾದದ್ದು ಆ ಒಲೆಯ ಮುಂದೆಯೇ. ಯಾವ ನಮೂನೆಯಲ್ಲೂ ಆ ವಿವರಗಳನ್ನು ಯಾರೂ ಬರೆದುಕೊಂಡಿರಲಿಲ್ಲ.

ಮಾನ್ಯರೆ, ಇದು ನಮ್ಮೊಂದು ಊರಿನ ಅನುಭವ ಮಾತ್ರವಲ್ಲ ಎಂಬುದಕ್ಕೆ ಹೊರಗಿನ ಉದಾಹರಣೆಗಳಿವೆ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಅಲ್ಲಿಗೆ ಹೋದ ಸ್ಪೇನ್ ಮೂಲದ ಬಾಣಸಿಗ ಹೊಸೆ ಆಂಡ್ರೆಸ್, ತಾನು ಬೇಯಿಸಿದ ಕಾಳನ್ನು ಶಿಬಿರದ ಹೆಂಗಸರು ಒಪ್ಪದೆ, ತಾವು ಅದನ್ನು ನುಣ್ಣಗೆ ಅರೆದು ಸೋಸಿ ಉಣ್ಣುವವರು ಎಂದು ತಿದ್ದಿದ್ದನ್ನು ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ದೊಡ್ಡ ಹೋಟೆಲುಗಳ ಆ ಬಾಣಸಿಗ ಶಿಬಿರದ ಹೆಂಗಸರ ಮಾತಿಗೆ ತಲೆಬಾಗಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಅದೇ ವರ್ಷ ಅವರು ಕಟ್ಟಿದ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆ, 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಹೊಡೆದಾಗ ಊರಿನ ಅಡುಗೆಯವರನ್ನೇ ಒಟ್ಟುಗೂಡಿಸಿಕೊಂಡು 30 ಲಕ್ಷಕ್ಕೂ ಹೆಚ್ಚು ಊಟ ಬಡಿಸಿತು. ಒಂದು ಹೋಟೆಲಿನ ಅಡುಗೆಮನೆಯಲ್ಲಿ ಸೊಪ್ಪು, ಗೆಡ್ಡೆ, ಮಾಂಸ ಹಾಕಿ ಅಲ್ಲಿನವರು ಮನೆಯಲ್ಲಿ ಮಾಡುವ ಸಾರಿನಿಂದ ಶುರುವಾದ ಆ ಕೆಲಸ ಶಾಲೆಗಳ ಅಡುಗೆಮನೆಗಳಿಗೂ ಹಬ್ಬಿತು. ಅದೇ ದ್ವೀಪಕ್ಕೆ 3 ಕೋಟಿ ಸಿದ್ಧ ಊಟದ ಪೊಟ್ಟಣ ಒದಗಿಸಲು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಸುಮಾರು 15.6 ಕೋಟಿ ಡಾಲರಿನ ಗುತ್ತಿಗೆಯನ್ನು ಅನುಭವವಿಲ್ಲದ ಒಂದು ಕಂಪನಿಗೆ ಕೊಟ್ಟಿತ್ತು. ಹೇಳಿದ ಹೊತ್ತಿಗೆ ತಲುಪಿದ್ದು ಸುಮಾರು 50 ಸಾವಿರ ಪೊಟ್ಟಣ ಮಾತ್ರ, ಗುತ್ತಿಗೆಯನ್ನು ರದ್ದು ಮಾಡಬೇಕಾಯಿತು. ಹಣವಿದ್ದೂ ಊಟ ಮುಟ್ಟಲಿಲ್ಲ. ಹತ್ತಿರದ ಒಲೆಗಳಿಂದ ಮುಟ್ಟಿತು.

ಅಷ್ಟು ದೂರ ಹೋಗಬೇಕಾಗಿಲ್ಲ. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ, ಮೇಪ್ಪಾಡಿಯಲ್ಲಿ ಹೋಟೆಲ್ ಮಾಲೀಕರ ಸಂಘದವರು ಆಡಳಿತದ ಜೊತೆ ಸೇರಿ ಸಮುದಾಯ ಅಡುಗೆಮನೆ ನಡೆಸಿದರು, ಸಂತ್ರಸ್ತರಿಗೂ ಶೋಧಕಾರ್ಯದಲ್ಲಿದ್ದವರಿಗೂ ಅಲ್ಲಿಂದಲೇ ಊಟ ಹೋಗುತ್ತಿತ್ತು. ಸ್ವಯಂಸೇವಕರು ನಡೆಸುತ್ತಿದ್ದ ಬೇರೊಂದು ಅಡುಗೆಮನೆಯನ್ನು ನಿಲ್ಲಿಸಿದ್ದರ ಬಗ್ಗೆ ವಿವಾದವೂ ಎದ್ದಿತ್ತು. ಯಾರು ಅಡುಗೆ ಮಾಡಬಹುದು, ಯಾರು ಪರೀಕ್ಷಿಸಬೇಕು ಎಂಬುದನ್ನು ವಿಪತ್ತಿಗೆ ಮೊದಲೇ ತೀರ್ಮಾನಿಸಿಡಬೇಕು ಎನ್ನುವುದಕ್ಕೆ ಅದನ್ನೂ ಒಂದು ಪಾಠವೆಂದೇ ನಾನು ಎಣಿಸುತ್ತೇನೆ.

ಕಾನೂನು ಈ ಹೊಣೆಯನ್ನು ಈಗಾಗಲೇ ಹೊರಿಸಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮು ಪರಿಹಾರ ಶಿಬಿರಗಳಲ್ಲಿ ಆಶ್ರಯ, ಆಹಾರ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ನೈರ್ಮಲ್ಯಗಳಿಗೆ ಕನಿಷ್ಠ ಮಟ್ಟ ನಿಗದಿಪಡಿಸಬೇಕೆಂದು ರಾಷ್ಟ್ರೀಯ ಪ್ರಾಧಿಕಾರಕ್ಕೆ ಹೇಳುತ್ತದೆ. 19ನೇ ಕಲಮಿನಂತೆ ರಾಜ್ಯ ಪ್ರಾಧಿಕಾರದ ಮಾನದಂಡ ಅದಕ್ಕಿಂತ ಕಡಿಮೆ ಇರುವಂತಿಲ್ಲ. ರಾಷ್ಟ್ರೀಯ ಪ್ರಾಧಿಕಾರದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಕನಿಷ್ಠ 2,400 ಕಿಲೋ ಕ್ಯಾಲೊರಿ ಸಿಗಬೇಕು, ಮಕ್ಕಳಿಗೂ ಹಾಲುಣಿಸುವ ತಾಯಂದಿರಿಗೂ ಹಾಲು ಮತ್ತು ಹಾಲಿನ ಪದಾರ್ಥ ಸಿಗಬೇಕು, ಅಡುಗೆಮನೆ ಶುಚಿಯಾಗಿರಬೇಕು. ಅಡುಗೆಯ ಅಳತೆ ಬಲ್ಲವನಾಗಿ ಹೇಳುತ್ತೇನೆ, ಒಂದು ಹಿಡಿ ಉಪ್ಪಿಟ್ಟು ಮತ್ತು ಎರಡು ಪೊಟ್ಟಣ ಚಿತ್ರಾನ್ನ ಸೇರಿದರೆ ಆ ಮಟ್ಟಕ್ಕೆ ಹತ್ತಿರವೂ ಬರುವುದಿಲ್ಲ. ಕೇಂದ್ರದಲ್ಲಿದ್ದ ಯಾರಿಗೂ ಇಂಥದೊಂದು ಮಾನದಂಡ ತಮ್ಮ ಹಕ್ಕೆಂದು ಗೊತ್ತಿರಲಿಲ್ಲ, ಅಲ್ಲಿ ನಿಯೋಜಿತರಾಗಿದ್ದ ಸಿಬ್ಬಂದಿಗೂ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ವಿನಂತಿ ಇದು. ಪ್ರವಾಹಕ್ಕೆ ತುತ್ತಾಗುವ ಪ್ರತಿ ತಾಲ್ಲೂಕಿನಲ್ಲಿ, ಮುಂಗಾರಿಗೆ ಮುನ್ನ ದೋಣಿ, ಈಜುಗಾರರು, ಜೆಸಿಬಿಗಳ ಪಟ್ಟಿ ಮಾಡಿದಂತೆಯೇ ಅಡುಗೆಯವರ ಪಟ್ಟಿಯೊಂದನ್ನು ಮಾಡಬೇಕು. ಅದರಲ್ಲಿ ಬಿಸಿಯೂಟದ ಅಡುಗೆಯವರು, ಮದುವೆ ಅಡುಗೆಯ ಗುತ್ತಿಗೆದಾರರು, ಖಾನಾವಳಿ ನಡೆಸುವವರು, ಮಠಗಳ ದಾಸೋಹದ ಅಡುಗೆಯವರು, ರೊಟ್ಟಿ ಮಾಡುವ ಸ್ವಸಹಾಯ ಸಂಘಗಳು ಎಲ್ಲರೂ ಇರಬೇಕು. ಶರಣಬಸವೇಶ್ವರರ ದಾಸೋಹದ ನೆಲವಾದ ಕಲಬುರಗಿಯಲ್ಲಿ ಸಾವಿರಾರು ಜನಕ್ಕೆ ಅಡುಗೆ ಮಾಡಬಲ್ಲವರಿಗೆ ಕೊರತೆಯಿಲ್ಲ. ರಾಜ್ಯದಲ್ಲಿ ಬಿಸಿಯೂಟದ ಅಡುಗೆಯವರೇ ಲಕ್ಷಕ್ಕೂ ಹೆಚ್ಚು ಇದ್ದಾರೆ, ಹೆಚ್ಚುಕಡಿಮೆ ಎಲ್ಲರೂ ಹೆಣ್ಣುಮಕ್ಕಳು, ನೂರಾರು ಮಂದಿಗೆ ಹೊತ್ತಿಗೆ ಸರಿಯಾಗಿ ಅನ್ನ ಬೇಯಿಸಿ ಬಡಿಸುವುದು ಅವರ ನಿತ್ಯದ ಕೆಲಸ. ನಮ್ಮ ಜಿಲ್ಲಾಡಳಿತವೇ 'ಕಲಬುರಗಿ ರೊಟ್ಟಿ' ಹೆಸರಿನಲ್ಲಿ ಮಹಿಳಾ ಸಂಘಗಳ ರೊಟ್ಟಿಗೆ ಮಾರುಕಟ್ಟೆ ಒದಗಿಸುವ ಒಳ್ಳೆಯ ಕೆಲಸ ಮಾಡಿದೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿಯೂ ಅಗಸಿ ಹಿಂಡಿಯೂ (ನಮ್ಮ ಕಡೆಯ ಚಟ್ನಿಪುಡಿಗಳು) ಜೊತೆಗಿದ್ದರೆ ದೋಣಿಯಲ್ಲಿ ಸಾಗಿಸಬಹುದಾದ, ಒಲೆಯಿಲ್ಲದೆ ಉಣ್ಣಬಹುದಾದ ಪೂರ್ಣ ಊಟ ಅದು. ನದಿಗೆ ನೀರು ಬಿಡುವ ಮುನ್ಸೂಚನೆ ಸಿಕ್ಕ ದಿನವೇ ಈ ಸಂಘಗಳಿಗೆ ಬೇಡಿಕೆ ಹೋದರೆ, ದಾರಿ ಕಡಿದುಹೋದ ಹಳ್ಳಿಗಳ ಮೊದಲ ಎರಡು ದಿನದ ಊಟದ ಚಿಂತೆ ತಪ್ಪುತ್ತದೆ, ಆ ಹಣವೂ ಇಲ್ಲಿನ ಹೆಣ್ಣುಮಕ್ಕಳ ಕೈಗೇ ಸೇರುತ್ತದೆ.

ಎರಡನೆಯದಾಗಿ, ಕಾಳಜಿ ಕೇಂದ್ರ ತೆರೆದ ಕ್ಷಣದಿಂದ ಅಲ್ಲಿನ ಶಾಲೆ ಅಥವಾ ವಸತಿನಿಲಯದ ಅಡುಗೆಕೋಣೆಯನ್ನೂ ಅದರ ದಾಸ್ತಾನನ್ನೂ ಬಳಸುವ ಅಧಿಕಾರವನ್ನು ತಹಶೀಲ್ದಾರರಿಗೆ ಕೊಡುವ ಸ್ಥಾಯಿ ಆದೇಶವೊಂದನ್ನು ಹೊರಡಿಸಬೇಕು. ಬಳಸಿದ ಅಕ್ಕಿ, ಬೇಳೆಯನ್ನು ನಿಗದಿತ ದಿನದೊಳಗೆ ಕಂದಾಯ ಇಲಾಖೆ ತುಂಬಿಕೊಡಬೇಕೆಂಬ ಸಾಲು ಅದರಲ್ಲಿರಲಿ, ಬೀಗದ ಕೈಯ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ. ಮಕ್ಕಳ ಪಾಲಿನ ಅನ್ನ ಕಡಿಮೆಯಾಗಬಾರದು ಎಂಬ ಶಿಕ್ಷಣ ಇಲಾಖೆಯ ಕಾಳಜಿ ನ್ಯಾಯವಾದದ್ದೇ. ಅದನ್ನು ಕಾಪಾಡುತ್ತಲೇ ಇದನ್ನು ಮಾಡಲು ಒಂದು ಪುಟದ ಆದೇಶ ಸಾಕು.

ಹೊರಗಿನಿಂದ ಬರುವ ದಾನಿಗಳ ಬಗ್ಗೆಯೂ ಒಂದು ಮಾತು. ಅವರ ಮನಸ್ಸು ದೊಡ್ಡದು. ಆದರೆ ಹೆದ್ದಾರಿಗೆ ಹತ್ತಿರದ ಕೇಂದ್ರಕ್ಕೆ ಒಂದೇ ಮಧ್ಯಾಹ್ನ ನಾಲ್ಕು ಕಡೆಯ ಪಲಾವ್ ಬರುತ್ತದೆ, ಒಳಗಿನ ತಾಂಡಾಕ್ಕೆ ಸಂಜೆಯವರೆಗೂ ಏನೂ ಹೋಗುವುದಿಲ್ಲ. ತಾಲ್ಲೂಕಿಗೊಬ್ಬ ಊಟದ ಹೊಣೆಯ ಅಧಿಕಾರಿ ಇದ್ದು, ಯಾವ ಕೇಂದ್ರಕ್ಕೆ ಯಾವ ಹೊತ್ತಿಗೆ ಎಷ್ಟು ಜನರ ಊಟ ಬೇಕು ಎಂಬುದನ್ನು ದಿನವೂ ಪ್ರಕಟಿಸಿದರೆ ಅದೇ ಅನ್ನ ಹಸಿದವರಿಗೆ ಮುಟ್ಟುತ್ತದೆ. ಹೊರಗಿನಿಂದ ಬರುವ ಪ್ರತಿ ಪಾತ್ರೆಯ ಮೇಲೂ ಅಡುಗೆ ಮುಗಿದ ಹೊತ್ತನ್ನು ಬರೆದಿರಬೇಕು, ಆಹಾರ ಸುರಕ್ಷತಾ ಅಧಿಕಾರಿ ಅದನ್ನು ನೋಡಿಯೇ ಬಡಿಸಲು ಬಿಡಬೇಕು. ಈ ನಿಯಮ ನಮ್ಮಂಥ ಗುತ್ತಿಗೆದಾರರಿಗೂ ಅನ್ವಯಿಸಲಿ.

ಅಡುಗೆ ಮಾಡಿದವರು ಯಾವ ಜಾತಿಯವರು ಎಂದು ವಿಚಾರಿಸಿ ತಟ್ಟೆ ಸರಿಸಿದವರನ್ನೂ ನಾನು ಅಲ್ಲಿ ಕಂಡೆ. ಊರಿನ ಹಿರಿಯರು ಮಧ್ಯೆ ಬಂದು ತಾವೇ ಮೊದಲ ಸಾಲಿನಲ್ಲಿ ಕೂತು ಉಂಡ ಮೇಲೆ ಅದು ತಣ್ಣಗಾಯಿತು. ಆದರೆ ಆ ಹೊತ್ತಿನಲ್ಲಿ ಅಡುಗೆಯ ಹೆಣ್ಣುಮಗಳೊಬ್ಬರು ಕೈಯಲ್ಲಿದ್ದ ಸವುಟು ಕೆಳಗಿಟ್ಟು ಹಿಂದೆ ಸರಿದು ನಿಂತದ್ದನ್ನು ಮರೆಯಲಾರೆ. ಕಾಳಜಿ ಕೇಂದ್ರದ ಅಡುಗೆಯಲ್ಲೂ ಪಂಕ್ತಿಯಲ್ಲೂ ಯಾವ ಭೇದಕ್ಕೂ ಅವಕಾಶವಿಲ್ಲ, ಇದ್ದರೆ ಅದು ಶಿಕ್ಷಾರ್ಹ ಎಂಬ ಫಲಕ ಪ್ರತಿ ಕೇಂದ್ರದ ಬಾಗಿಲಲ್ಲಿ ಇರಬೇಕು, ಅದರ ಪಾಲನೆ ಅಧಿಕಾರಿಯ ಹೊಣೆಯಾಗಬೇಕು.

ಇನ್ನು ಅತಿ ಕಡಿಮೆ ಚರ್ಚೆಯಾಗುವ, ನನ್ನ ದೃಷ್ಟಿಯಲ್ಲಿ ಅತಿ ಅಗತ್ಯದ ವಿಷಯಕ್ಕೆ ಬರುತ್ತೇನೆ. ನೀರು ಇಳಿದ ಕೂಡಲೇ ಕೇಂದ್ರ ಮುಚ್ಚುತ್ತದೆ. ಜನ ಮನೆಗೆ ಮರಳಿದಾಗ ಅಲ್ಲಿ ಏನಿರುತ್ತದೆ ಎಂಬುದನ್ನು ಒಮ್ಮೆ ಬಂದು ನೋಡಬೇಕು. ಒಲೆಯ ಮೇಲೆ ಮೊಳಕಾಲಿನ ಕೆಸರು, ಚೀಲದಲ್ಲಿದ್ದ ಜೋಳ ನೆನೆದು ಮೊಳಕೆಯೊಡೆದು ಮುಗ್ಗಲು ವಾಸನೆ, ಸೌದೆ ಹಸಿ, ಸಿಲಿಂಡರ್ ಎಲ್ಲಿಗೋ ತೇಲಿಹೋಗಿದೆ, ಕೊಡ ಇಳಿಸಿದರೆ ಬರುವುದು ರಾಡಿ ನೀರು. ಗಂಡಸರು, ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೆಸರು ಬಳಿಯುತ್ತಾರೆ. ಅವರ ಕೈಗೆ ಅಕ್ಕಿ, ಬೇಳೆಯ ಕಿಟ್ ಕೊಡಲಾಗುತ್ತದೆ. ಅದನ್ನು ಬೇಯಿಸುವುದು ಎಲ್ಲಿ, ಯಾವುದರಲ್ಲಿ? ನಾವು ಕೇಂದ್ರ ಮುಚ್ಚಿದ ಮೇಲೆ ಪಾತ್ರೆ ತೊಳೆದು ಹೊರಡುವಾಗ, ಅದೇ ಜನ ಕಿಟ್‌ಗಳನ್ನು ತಂದು ಶಾಲೆಯ ಕಟ್ಟೆಯ ಮೇಲಿಟ್ಟು, ಇದನ್ನು ಬೇಯಿಸಿಕೊಟ್ಟು ಹೋಗಿ ಎಂದು ಕೇಳಿದರು. ಆ ದಿನ ಬೇಯಿಸಿಕೊಟ್ಟೆವು. ಮರುದಿನದ ಊಟಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಜನ ಮನೆಗೆ ಮರಳಿದ ಮೇಲೂ ಕನಿಷ್ಠ ಎರಡು ವಾರ ಆ ಊರಿನ ಶಾಲೆಯ ಒಲೆ ಉರಿಯುವಂತೆ, ದಿನಕ್ಕೆ ಎರಡು ಹೊತ್ತಾದರೂ ಊರಿಗೆ ಅಡುಗೆ ಆಗುವಂತೆ ಪ್ರಾಧಿಕಾರ ಆದೇಶಿಸಬೇಕು.

ಕೊನೆಯದಾಗಿ ಅಡುಗೆಯವರ ಬಗ್ಗೆ. ನನಗೆ ಹಣ ಬೇಕಾಗಿಲ್ಲ, ನಾನು ಕೇಳುತ್ತಲೂ ಇಲ್ಲ. ಆದರೆ ನನ್ನ ಜೊತೆ ಬಂದವರಲ್ಲಿ ದಿನಗೂಲಿಯ ಹೆಣ್ಣುಮಕ್ಕಳಿದ್ದರು. ಆ ಬಿಸಿಯೂಟದ ಇಬ್ಬರು ತಮ್ಮ ಮನೆಯ ಕೆಸರು ತೆಗೆಯುವುದನ್ನೂ ಬಿಟ್ಟು ಬೆಳಗಿನ ಜಾವದಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಂತರು. ಒಬ್ಬರ ಕೈಯ ಮೇಲೆ ಬಿಸಿ ಗಂಜಿ ಚೆಲ್ಲಿ ಬೊಬ್ಬೆ ಬಂದಾಗ ಔಷಧಿಯನ್ನು ನಾವೇ ತಂದೆವು. ವಿಪತ್ತಿನ ಕೆಲಸಕ್ಕೆ ನಿಯೋಜಿತರಾದ ಬೇರೆ ಯಾರಿಗಾದರೂ ಸಿಗುವ ಭತ್ಯೆ, ಗುರುತಿನ ಚೀಟಿ ಮತ್ತು ವಿಮೆ ಅಡುಗೆಯವರಿಗೂ ಸಿಗಬೇಕು, ಕೇಂದ್ರ ಮುಚ್ಚಿದ ತಿಂಗಳೊಳಗೆ ಅವರ ಕೂಲಿ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ಸಣ್ಣ ಗುತ್ತಿಗೆದಾರರ ಬಿಲ್ಲುಗಳು ಮೂರು ದರಪಟ್ಟಿ ಇಲ್ಲವೆಂಬ ಕಾರಣಕ್ಕೆ ವರ್ಷಗಟ್ಟಲೆ ನಿಂತರೆ, ಮುಂದಿನ ನೆರೆಗೆ ಕರೆದಾಗ ಅವರು ಬರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲೇ ಊಟಕ್ಕೊಂದು ದರ ನಿಗದಿಪಡಿಸಿ ಒಪ್ಪಂದ ಮಾಡಿಕೊಂಡರೆ ಈ ತೊಡಕು ಬರುವುದಿಲ್ಲ.

2009ರ ಅಕ್ಟೋಬರಿನಲ್ಲಿ, 2019ರ ಆಗಸ್ಟಿನಲ್ಲಿ, 2020ರ ಅಕ್ಟೋಬರಿನಲ್ಲಿ, ಈಗ 2025ರಲ್ಲಿ ಉತ್ತರ ಕರ್ನಾಟಕ ಮುಳುಗಿದೆ. ಕೃಷ್ಣೆ, ಭೀಮೆಯರ ದಂಡೆಯಲ್ಲಿ ಇದು ಮತ್ತೆ ಆಗುತ್ತದೆ ಎಂಬುದು ತಮಗೂ ನಮಗೂ ಗೊತ್ತಿರುವ ಸಂಗತಿ. ಮುಂದಿನ ಮುಂಗಾರಿಗೆ ಮುನ್ನ ನಡೆಯುವ ಪೂರ್ವಸಿದ್ಧತಾ ಸಭೆಗಳಿಗೆ ಪ್ರತಿ ಜಿಲ್ಲೆಯಿಂದ ಬಿಸಿಯೂಟದ ಅಡುಗೆಯವರೊಬ್ಬರನ್ನೂ ಮದುವೆ ಅಡುಗೆಯವರೊಬ್ಬರನ್ನೂ ಕರೆಯಬೇಕೆಂದು, ಮೇಲೆ ಕೇಳಿದ ಸ್ಥಾಯಿ ಆದೇಶದ ಬಗ್ಗೆ ಪ್ರಾಧಿಕಾರದ ನಿಲುವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕಲಬುರಗಿ ಜಿಲ್ಲೆಯ ಸಭೆಗೆ ಕರೆ ಬಂದರೆ, ಸಾವಿರ ಜನರ ಒಂದು ದಿನದ ಊಟಕ್ಕೆ ಬೇಕಾಗುವ ಜೋಳ, ಬೇಳೆ, ಎಣ್ಣೆ, ಸೌದೆ, ಕೈಗಳು ಎಷ್ಟು ಎಂಬ ಲೆಕ್ಕವನ್ನು ಬರೆದುಕೊಂಡು ನಾನು ಮತ್ತು ನನ್ನ ಜೊತೆಯವರು ಬರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಅಡುಗೆ ಗುತ್ತಿಗೆದಾರ,
ಕಲಬುರಗಿ